ಅಳಿಯನಿಗೊಂದು ಕಂಬ

ಪರರ ಮನೆ ಬಗ್ಗೆ ಧೈರ್ಯ ಹೇಳುವುದು ಎಂಜಿನಿಯರುಗಳಿಗೆ ಬಲು ಸುಲಭ. ಯಾವ ಗೋಡೆ ಭಾರ ಹೊರುತ್ತದೆ, ಯಾವುದು ಸುಮ್ಮನೆ ನಿಂತಿದೆ ಎಂದು ಹೇಳಿಯೇ ನಾನು ಸಂಬಳ ತೆಗೆದುಕೊಂಡವನು. ಜಯನಗರ ಅರ್ಧ ಹೊಲ, ಅರ್ಧ ಸೈಟು ಆಗಿದ್ದ ಕಾಲದಲ್ಲಿ ನಾನೇ ನಕ್ಷೆ ಬರೆದು ಮನೆ ಕಟ್ಟಿಸಿದೆ. ನಡುಮನೆಯಲ್ಲಿ ಕಂಬವಿಲ್ಲ, ಮೇಲೆ ತೊಲೆಯಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ಕಾಂಕ್ರೀಟು ತಾರಸಿ. ನನಗೆ ನಾನೇ ಭೇಷ್ ಎಂದುಕೊಂಡಿದ್ದೆ.

ಮಾವನವರಿಗೆ ಮಾತ್ರ ಅದು ಹಿಡಿಸಲಿಲ್ಲ. ಹನುಮಂತನಗರದ ಅವರ ಮನೆಯ ಕಂಬಗಳು ಅಪ್ಪಿಕೊಂಡರೂ ಕೈಗೆ ಕೈ ಎಟುಕದಂಥವು. ನನ್ನ ಹೆಂಡತಿ ಸರೋಜ ಬಾಣಂತನಕ್ಕೆ ಅಲ್ಲೇ ಇದ್ದಳು. ಕಾಂಕ್ರೀಟು ಗಟ್ಟಿಯಾಗುವವರೆಗೆ ತಾರಸಿಯ ಕೆಳಗೆ ಕೊಟ್ಟಿದ್ದ ಹಲಗೆ, ಆನಿಕೆಗಳನ್ನು ಬಿಚ್ಚಿದ ಮೇಲೆ ಮಾವ ಬಂದು ಕತ್ತೆತ್ತಿ ನೋಡಿದರು.

"ಅಳಿಯಂದ್ರೇ, ಇದನ್ನ ಹೊತ್ಕೊಂಡಿರೋದು ಯಾರು?"

"ಗೋಡೆಗಳು, ಮಾವ. ತಾರಸಿ ಒಳಗೆ ಕಬ್ಬಿಣದ ಸರಳಿದೆ."

"ಕಣ್ಣಿಗೆ ಕಾಣದ್ದನ್ನ ನಂಬ್ಕೊಂಡು ಬಾಣಂತೀನ, ಮಗೂನ ಕಳಿಸ್ಲಾ? ಆಗೋಲ್ಲಪ್ಪ."

ಮಗನನ್ನು ನೋಡಲು ನಾನು ಭಾನುವಾರ ಭಾನುವಾರ ನೆಂಟನ ಹಾಗೆ ಹೋಗುತ್ತಿದ್ದೆ. ಅವನೋ ನನ್ನ ಮುಖ ಕಂಡರೆ ಕಿಟಾರನೆ ಕಿರುಚುತ್ತಿದ್ದ. ಕೊನೆಗೆ ರೇಗಿ, "ಆ ತಾರಸಿ ಕೆಳಗೇ ಎಲೆ ಹಾಕ್ಕೊಂಡು ಊಟ ಮಾಡ್ತೀನಿ, ಎಲ್ಲರೂ ಬಂದು ನೋಡಿ!" ಎಂದುಬಿಟ್ಟೆ. ಮಾವ ತಕ್ಷಣ ಒಪ್ಪಿದರು.

ಮುಂದಿನ ಭಾನುವಾರ ಬರಿದಾದ ನಡುಮನೆಯಲ್ಲಿ ಮಣೆಯ ಮೇಲೆ ನಾನೊಬ್ಬನೇ. ಮಾವ, ಮಗುವನ್ನೆತ್ತಿಕೊಂಡ ಸರೋಜ ಬಾಗಿಲಾಚೆ. ಅತ್ತೆ ಓಡೋಡಿ ಬಂದು ಸಾರು ಬಡಿಸಿ ಓಡೋಡಿ ಹೊರಗೆ ಹೋದರು. "ಇದರ ಮೇಲೆ ಎರಡು ಆನೆ ನಿಲ್ಲಿಸಬಹುದು" ಎಂದು ಅನ್ನ ಕಲಸುತ್ತಾ ಉಪನ್ಯಾಸ ಶುರುಮಾಡಿದೆ. ಟಪ್ ಎಂದು ಮೇಲಿನಿಂದ ಏನೋ ಎಲೆಗೆ ಬಿತ್ತು. ಆಮೇಲೆ ನನಗೆ ನೆನಪಿರುವುದು ರಸ್ತೆ. ಕೈಯಲ್ಲಿ ಕಲಸಿದ ತುತ್ತು ಹಾಗೇ ಇತ್ತು.

ತಿರುಗಿ ನೋಡಿದರೆ ಮಾವ ಒಳಗೆ ಹೋಗಿದ್ದಾರೆ. ಎಲೆಗೆ ಬಿದ್ದದ್ದನ್ನು ಎತ್ತಿ ತಿಕ್ಕಿ ನೋಡಿದರು: ಹಲಗೆ ಬಿಚ್ಚಿದಾಗ ಉಳಿದುಕೊಂಡ ಒಣ ಸಿಮೆಂಟಿನ ಚಕ್ಕೆ. ಮೇಲೆ ನೋಡಿದರು, ಕೂದಲೆಳೆಯಷ್ಟೂ ಬಿರುಕಿಲ್ಲ. ಸರೋಜಳನ್ನು ಕರೆದು ಮಗುವನ್ನು ಈಸಿಕೊಂಡು, ನನ್ನ ಮಣೆಯ ಮೇಲೆಯೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬನ್ನಿ ಅಳಿಯಂದ್ರೇ, ಮನೆ ಗಟ್ಟಿಯಾಗೇ ಇದೆ. ಇವರನ್ನ ನಾಳೇನೇ ಕಳಿಸ್ತೀನಿ. ಆದ್ರೆ ಒಂದು ಕಂಬ ನನ್ ಕಡೆಯಿಂದ. ಬೇಡ ಅನ್ಬೇಡಿ."

ಆ ತೇಗದ ಕಂಬ ಈಗಲೂ ನಡುಮನೆಯಲ್ಲಿದೆ. ತಾರಸಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದಿಯಿದೆ. ಅದು ಹೊತ್ತಿರುವುದು ಏನೂ ಇಲ್ಲ. ಎಂಜಿನಿಯರರ ಮನೆಯಲ್ಲಿ ಇದೇಕೆ ಎಂದು ಬಂದವರು ಕೇಳಿದರೆ ಸರೋಜ ನನಗೆ ಬಾಯಿ ತೆಗೆಯಲು ಬಿಡುವುದಿಲ್ಲ.

"ಅದು ತಾರಸಿಗಲ್ಲ, ನಮ್ಮೆಜಮಾನ್ರಿಗೆ" ಎನ್ನುತ್ತಾಳೆ.

ಛೇ, ಎಂಥ ಮಾತು ಎಂದು ನಾನು ನಗುತ್ತೇನೆ, ಎಂದಿನಂತೆ ಆ ಕಂಬಕ್ಕೇ ಒರಗಿ ಕೂತು.