ಸುಮ್ಮನೆ ನಡೆದವನ ಜಾತಕ

ನಮ್ಮ ಕಡೆ ಮನುಷ್ಯ ದೂರ ನಡೆಯುವುದಕ್ಕೆ ಒಪ್ಪಿತವಾದ ಕಾರಣಗಳು ಮೂರೇ: ಬಸ್ಸು ತಪ್ಪಿರಬೇಕು, ದನ ತಪ್ಪಿಸಿಕೊಂಡಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು. ಸುಮ್ಮನೆ ನಡೆಯುತ್ತೇನೆ ಎಂಬವನನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳು ಒಮ್ಮತದಿಂದ ಅನುಮಾನಿಸುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕಾರು ಕಪ್ಪು ಗೆದ್ದು ತಲೆ ತಿರುಗಿದ್ದ ನಾನು ಈ ಒಮ್ಮತವನ್ನು ಮುರಿಯಲು ಹೊರಟೆ. ಬಸ್ಸಿನಲ್ಲಿ ಹೋಗು, ಯಾವುದೋ ತಿರುವಿನಲ್ಲಿ ಇಳಿ, ದಿನವಿಡೀ ನಡೆ, ಇನ್ನೊಂದು ರಸ್ತೆಯಲ್ಲಿ ಸಂಜೆಯ ಬಸ್ಸು ಹಿಡಿದು ಮನೆ ಸೇರು. ಇಷ್ಟೇ ನನ್ನ ಸಿದ್ಧಾಂತ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಇದಕ್ಕೆ ಕಡುವಿರೋಧಿ. ಮಾಗೋಡಿನ ಜಲಪಾತವನ್ನು ಸ್ಕೂಟರಿನಿಂದ ಇಳಿಯದೆ ನೋಡಿ ಬರಲು ಪ್ರಯತ್ನಪಟ್ಟ ಮಹಾನುಭಾವ ಅವರು. "ಬಾಯಿದ್ದು ಹೇಳಿ ಮಾತಾಡದು, ಕಾಲಿದ್ದು ಹೇಳಿ ನಡೆಯದು, ಎರಡೂ ಒಂದೇ ರೋಗ" ಎಂದರು; ನಮ್ಮ ಮಾತಿನಲ್ಲಿ 'ಹೇಳಿ' ಅಂದರೆ 'ಎಂದು'. ಮಾತು ಬೆಳೆದು ಪಂಥವಾಯಿತು. ಪಂಥದ ತೀರ್ಪುಗಾರ್ತಿ ಆಯಿ, ಅಂದರೆ ನನ್ನ ತಾಯಿ. ಅವಳು ಎರಡು ವರ್ಷಗಳಿಂದ ನನ್ನ ಜಾತಕವನ್ನು ಹೆಣ್ಣಿನ ಕಡೆಯವರಿಗೆ ಕೊಡಲು ತುದಿಗಾಲಿನಲ್ಲಿದ್ದಳು. ಜ್ಯೋತಿಷ್ಯವೆಂಬುದೇ ಬೊಗಳೆ ಎಂದು ನಾನು ವಾದಿಸಿ ತಡೆದಿದ್ದೆ. ಷರತ್ತು ಇಷ್ಟು: ನಾನು ಯಾರ ಗಾಡಿಯನ್ನೂ ಹತ್ತದೆ, ಬಸ್ಸು ಮತ್ತು ಕಾಲುಗಳನ್ನು ಮಾತ್ರ ನಂಬಿ, ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದರೆ ಓದು ಮುಗಿಯುವವರೆಗೆ ಅವಳು ಜಾತಕ ಕೊಡುವಂತಿಲ್ಲ. ಸೋತರೆ ನಾನು ತುಟಿ ಬಿಚ್ಚುವಂತಿಲ್ಲ.

ಸಿದ್ದಾಪುರದ ಬಸ್ಸಿನಿಂದ ಇಳಿದು ತ್ಯಾಗಲಿಯ ಕಡೆಗೆ ಹೆಜ್ಜೆ ಹಾಕಿದಾಗ ಬೆಳಗಿನ ಒಂಬತ್ತು. ಏರು, ಇಳಿಜಾರು, ಹಳ್ಳ, ರಕ್ತ ಹೀರುವ ಉಂಬಳ ಎಲ್ಲದಕ್ಕೂ ತಯಾರಾಗಿದ್ದೆ. ಮನೆಗಳಿಗೆ ತಯಾರಾಗಿರಲಿಲ್ಲ. ನಮ್ಮಲ್ಲಿ ಅಂಗಳದ ಮುಂದೆ ಹಾದವನನ್ನು ಕುಡಿಯಲು ಏನಾದರೂ ಕೊಡದೆ ಕಳಿಸಿದರೆ ಮನೆಯ ಮರ್ಯಾದೆ ಹೋಗುತ್ತದೆ. ಮೊದಲ ಮನೆಯಲ್ಲಿ ಮಜ್ಜಿಗೆ, ಎರಡನೆಯದರಲ್ಲಿ ಬೆಲ್ಲ ನೀರು, ಮೂರನೆಯದರಲ್ಲಿ ಚಹಾ ಮತ್ತು ಅವಲಕ್ಕಿ. ಅದನ್ನಾದರೂ ಜೀರ್ಣಿಸಿಕೊಳ್ಳಬಹುದು. ಜೀರ್ಣವಾಗದ್ದು ಪ್ರಶ್ನೆ: "ಯಾರ ಮನಿಗೆ?" ಯಾರ ಮನೆಗೂ ಅಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಲೋಟ ಕೆಳಗಿಟ್ಟು ವಿಚಾರಣೆ ಆರಂಭ. ಬಸ್ಸು ತಪ್ಪಿತೇ? ಪರೀಕ್ಷೆಯಲ್ಲಿ ಫೇಲಾದೆಯಾ? ಅಪ್ಪ ಬೈದರಾ? ನಡಿಗೆಯ ಸ್ವತಂತ್ರ ಮೌಲ್ಯದ ಬಗ್ಗೆ ನಾನು ಮೂರು ಜಗುಲಿಗಳಲ್ಲಿ ಮೂರು ಭಾಷಣ ಮಾಡಿದೆ. ಮೂರನೆಯ ಮನೆಯ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಊಟ ಮಾಡಿಕೊಂಡು ಹೋಗು, ಸಿಟ್ಟು ಇಳಿಯುತ್ತದೆ ಎಂದಳು. ಊಟ ಮಾಡಿದೆ. ಗಂಟೆ ಒಂದೂವರೆ, ನಡೆದದ್ದು ಎರಡು ಮೈಲಿ. ಇದೇ ಲೆಕ್ಕದಲ್ಲಿ ಹೋದರೆ ಸಂಜೆಯ ಬಸ್ಸನ್ನು ಮರುದಿನವೇ ಹಿಡಿಯಬೇಕಿತ್ತು.

ನಾಲ್ಕನೆಯ ಮನೆಯ ಅಂಗಳದಲ್ಲಿ ಹಿರಿಯರೊಬ್ಬರು ಅಡಿಕೆ ಹೆಕ್ಕುತ್ತಾ ಕುಳಿತಿದ್ದರು. ಅದೇ ಪ್ರಶ್ನೆ ಬಂತು. ಒಪ್ಪಿಕೊಳ್ಳುತ್ತೇನೆ, ನನ್ನ ತರ್ಕ ಅಲ್ಲಿ ಕೈಕೊಟ್ಟಿತು. ಶುಭಕಾರ್ಯಕ್ಕೆ ಹೊರಟವನನ್ನು ಯಾರೂ ತಡೆಯುವುದಿಲ್ಲ ಎಂಬುದು ನೆನಪಾಗಿ, "ಜಾತಕ ಕೊಡಲೆ ಹೊಂಟಿದ್ದು" ಎಂದುಬಿಟ್ಟೆ.

ಹಿರಿಯರ ಮುಖ ಅರಳಿತು. "ಯಾರ್ದು?"

ಸುಳ್ಳಿಗೂ ಪೂರ್ವತಯಾರಿ ಬೇಕು. ಬೇರೆ ಯಾವ ಹೆಸರೂ ನಾಲಿಗೆಗೆ ಬರಲಿಲ್ಲ. "ನಂದೇ" ಎಂದೆ. ಮನೆತನ, ಗೋತ್ರ, ನಕ್ಷತ್ರ ಕೇಳಿದರು. ಪರೀಕ್ಷೆಯ ಹುಡುಗನಂತೆ ಪಟಪಟ ಒಪ್ಪಿಸಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಕನಿಕರದಿಂದ ನೋಡಿ ದಾರಿ ಬಿಟ್ಟರು. ಬೆನ್ನ ಹಿಂದೆ ಒಳಗಿದ್ದವರಿಗೆ ಹೇಳಿದ್ದು ಮಾತ್ರ ಕೇಳಿಸಿತು: "ಪಾಪ, ಮಾಣಿ ಅವನ ಜಾತಕ ಅವನೇ ಹೊತ್ಗಂಡು ತಿರಗ್ತಾ ಇದ್ದ."

ಮಾತು ನನಗಿಂತ ವೇಗವಾಗಿ ನಡೆಯಿತು. ಮುಂದಿನ ಮನೆಗಳಲ್ಲಿ ಯಾರೂ ಏನೂ ಕೇಳಲಿಲ್ಲ. ಕಿಟಕಿಗಳಿಂದ ನೋಡಿದರು ಅಷ್ಟೇ. ಬಸ್ಸು ಸಿಕ್ಕಿತು. ಊಟಕ್ಕೆ ಎಲೆ ಹಾಕುವಾಗ ಮನೆಯಲ್ಲಿದ್ದೆ. ಭಾವ ಸೋಲೊಪ್ಪಿಕೊಂಡರು, ನಾನು ಮೂರು ದಿನ ಆ ಗೆಲುವಿನ ಮೇಲೆ ಉಪನ್ಯಾಸ ಕೊಟ್ಟೆ.

ನಾಲ್ಕನೆಯ ದಿನ ಆ ಹಿರಿಯರೇ ನಮ್ಮ ಜಗುಲಿಯಲ್ಲಿ ಕುಳಿತಿದ್ದರು. ಹುಡುಗನನ್ನು ಹೀಗೆ ಬಿಸಿಲಲ್ಲಿ ಅಲೆಸಬಾರದು, ತಮ್ಮ ತಂಗಿಯ ಮಗಳಿದ್ದಾಳೆ, ಜಾತಕ ಕೊಡಿ ಎಂದರು. ಭಾವ ಬೆಲ್ಲದ ಚೂರು ಗಂಟಲಿಗೆ ಸಿಕ್ಕಿದವರಂತೆ ಕೆಮ್ಮತೊಡಗಿದರು. ನನ್ನೆದುರು ಎರಡು ದಾರಿಗಳಿದ್ದವು: ಅಂದು ಹೇಳಿದ್ದು ಸುಳ್ಳು ಎನ್ನುವುದು, ಇಲ್ಲವೇ ನಿಜ ಎನ್ನುವುದು. ಮೊದಲನೆಯದನ್ನೇ ಆರಿಸಿ, ನಾನು ಅಂದು ಸುಮ್ಮನೆ ನಡೆಯುತ್ತಿದ್ದೆ ಎಂದೆ. ಹಿರಿಯರು ಆಯಿಯ ಕಡೆ ತಿರುಗಿ, ನಾಚಿಕೆಯ ಹುಡುಗ, ಒಳ್ಳೆಯದೇ ಎಂದರು.

ಆಯಿ ಒಳಗೆ ಹೋಗಿ ಅರಿಶಿನ ಹಚ್ಚಿದ ಜಾತಕದ ಕಾಗದ ತಂದಳು. ಮಾತಿಗೆ ತಪ್ಪುವವಳಲ್ಲ ಅವಳು. ಅದನ್ನು ಹಿರಿಯರಿಗೆ ಕೊಡದೆ ನನ್ನ ಕೈಯಲ್ಲಿಟ್ಟಳು.

"ಆನು ಕೊಡ್ತ್ನಿಲ್ಲೆ ಹೇಳಿ ಮಾತು ಕೊಟ್ಟಾಯ್ದು. ನೀನೇ ಕೊಡು. ನಿಂಗೆ ರೂಢಿ ಇದ್ದಲ."

ಎದ್ದು ನಿಂತು, ಎರಡೂ ಕೈಯಿಂದ ಕೊಟ್ಟೆ.