ನಮ್ಮ ತಾರಸಿಯ ಹುಲ್ಲು, ಕಾಕುವಿನ ಹೊಸ್ತಿಲು

ಹತ್ತೂರು ಅಲೆದು ಬಂದ ಹೆಂಗಸು ಸುಮ್ಮನೆ ಕೂರುವುದಿಲ್ಲ. ಹೊಸದೊಂದು ಮಾಡಹೋಗುತ್ತಾಳೆ, ಓಣಿಗೆ ನಗೆ ತಪ್ಪುವುದಿಲ್ಲ. ನನ್ನ ಪಾಲಿಗೆ ಈಚಿನದೆಲ್ಲ ತಾರಸಿಯ ಮೇಲೇ ನಡೆಯಿತು.

೧. ಎಚ್ಚರಿಕೆ

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯ ತಾರಸಿ ಪೈಪು ಬಾಜೂಮನೆಯ ಹಿರಿಯಾಕೆ ಕಾಕುವಿನ ಹಿತ್ತಲಿಗೆ ಮುಖಮಾಡಿದೆ. ಜೋರು ಮಳೆ ಬಿದ್ದರೆ ನೀರು ಅವರ ಅಡುಗೆಮನೆ ಹೊಸ್ತಿಲು ದಾಟುತ್ತದೆ. ಪ್ರತಿ ಮಳೆಗಾಲ ಬೈಯುತ್ತಿದ್ದ ಕಾಕು ಹೋದ ವರ್ಷ ಹೇಳಿಯೇಬಿಟ್ಟರು: "ಮುಂದಿನ ಮಳಿಗಾಲದಾಗ ನೀರ ಒಳಗ ಬಂದ್ರ ನಿಮ್ಮ ಪೈಪಿಗೆ ಸಿಮೆಂಟ್ ಬಡಸ್ತೀನ್ರಿ. ಆಮ್ಯಾಲ ನೀರೂ ಬಂದ್, ಮಾತೂ ಬಂದ್."

ಜರ್ಮನಿಯಲ್ಲಿ ಮನೆಗಳ ಮೇಲೆ ಹುಲ್ಲು ಬೆಳೆಸಿದ್ದನ್ನು ಕಂಡಿದ್ದೆ. ಮಣ್ಣು, ಹುಲ್ಲು ಸೇರಿ ಮಳೆಯನ್ನು ಹೀರಿ, ಉಳಿದದ್ದನ್ನು ನಿಧಾನಕ್ಕೆ ಬಿಡುತ್ತವೆ. "ತಾರಸಿ ಮ್ಯಾಲೆ ಹುಲ್ಲ ಹಚ್ಚತೀನ್ರಿ ಕಾಕು" ಎಂದೆ.

"ದೇಶಾ ತಿರಗಿ ಕಲತದ್ದು ಇದನ?" ಎಂದರು.

೨. ಅತ್ತೆಯ ಹಂಚು

ತಾರಸಿ ಸೋರದಂತೆ ಬಂದೋಬಸ್ತು ಮಾಡಿಸಿ, ಹುಲ್ಲು ತರಲು ಖಾನಾಪುರದ ಸೋದರತ್ತೆಯ ಮನೆಗೆ ಹೋದೆ. ಅಲ್ಲಿ ಆಳೊಬ್ಬ ಏಣಿ ಹತ್ತಿ, ಹಂಚಿನ ಮೇಲೆ ಮಳೆಗೆ ತಾನೇ ಬೆಳೆದ ಹುಲ್ಲು ಕೀಳುತ್ತಿದ್ದ. ನಾನು ಬಂದ ಕಾರಣ ಕೇಳಿದ್ದೇ ಅತ್ತೆ ಕೂಗಿದಳು: "ಏ, ಇಳದ ಬಾರೋ! ಬೆಳಗಾವ್ಯಾಗ ಇದ ಫ್ಯಾಷನ್ ಅಂತ!"

೩. ಗೌಳಿಯ ಲೆಕ್ಕ

ಹುಲ್ಲಿನ ಹೆಂಟೆಗಳನ್ನು ಮೇಲೇರಿಸುವಾಗ ಹಾಲು ಹಾಕುವ ಗೌಳಿ ನಿಂತು ನೋಡಿದ.

"ಹುಲ್ಲ ಭಾರಿ ಐತ್ರಿ ಬಾಯಾರ. ಎಮ್ಮಿ ಹೆಂಗ ಹತ್ತಸ್ತೀರಿ?"

"ಎಮ್ಮಿಗಲ್ಲಪಾ. ಮಳಿ ನೀರ ಕುಡೀಲಿ ಅಂತ."

ಗೌಳಿ ಯೋಚಿಸಿದ. "ಹಂಗಾರ ಎಮ್ಮೀನ ಕಟ್ರಿ. ಹುಲ್ಲಿಗಿಂತ ಜಾಸ್ತಿ ಕುಡೀತೈತಿ."

೪. ದಸರೆಯ ಮಳೆ

ಜೂನಿನ ಮೊದಲ ದೊಡ್ಡ ಮಳೆಗೆ ಕಾಕು ಕೊಡೆ ಹಿಡಿದು ಪೈಪಿನೆದುರು ಕಾವಲು ನಿಂತರು. ಪಕ್ಕದಲ್ಲೇ ಸಿಮೆಂಟಿನ ಬುಟ್ಟಿ. ಪೈಪಿನಿಂದ ಇಳಿದದ್ದು ಮಜ್ಜಿಗೆ ಬಗ್ಗಿಸಿದಷ್ಟು ಸಣ್ಣ ಧಾರೆ. ಹೊಸ್ತಿಲು ಒಣಗಿಯೇ ಇತ್ತು. ಇಡೀ ಮಳೆಗಾಲ ಹಾಗೇ ಕಳೆಯಿತು. ಕಾಕು ಒಂದು ದಿನ ಚಹಾಕ್ಕೂ ಕರೆದರು. ಗೆದ್ದೆ ಅಂದುಕೊಂಡೆ.

ದಸರೆಗೆ ಘಟ ಹಾಕುವ ಮೊದಲು ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಒಗೆಯಬೇಕಲ್ಲ, ಆ ದಿನಗಳಲ್ಲೊಂದು ಮಧ್ಯಾಹ್ನ ಗುಡುಗಿನ ಮಳೆ. ಹಿತ್ತಲಿನಿಂದ ಕಾಕು ಚೀರಿದರು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಸೀರೆ ಎತ್ತಿಕಟ್ಟಿ, ಕೌದಿಗಳ ರಾಶಿ ಮುಂದಿಟ್ಟುಕೊಂಡು, ಸಾಬೂನು ಹಿಡಿದು ಪೈಪನ್ನೇ ದಿಟ್ಟಿಸುತ್ತಿದ್ದರು.

"ಒಳಗ ನೀರ ಬಂತೇನ್ರಿ ಕಾಕು?"

"ಒಳಗ ಎಲ್ಲಿದು, ಹೊರಗನ ಬರವಲ್ದು! ವರ್ಷಾ ವರ್ಷಾ ಕೌದಿ ಇದರ ಕೆಳಗನ ಒಗೀತಿದ್ನಿ. ಇಷ್ಟ ಜೋರ ನೀರು ನಳಕ್ಕೆಲ್ಲಿ ಬರತೈತಿ?"

"ಮತ್ತ ಇಷ್ಟ ವರ್ಷ ನನ್ನ ಬೈದಿದ್ದು?"

"ಬೈಯೂದು ಜೂನಿಂದು, ಕೌದಿ ದಸರಾದ್ದು!" ಎಂದವರೇ ದನಿ ಇಳಿಸಿ, ತಾರಸಿಯತ್ತ ಕೈ ತೋರಿಸಿದರು. "ಎರಡ ತಾಸಿನ ಮಟ್ಟಿಗೆ ಆ ಹುಲ್ಲ ಒಂಚೂರು ಬಾಜೂಕ ಸರಸ್ರಿ."