ಗೋಡೆಯ ಮೇಲಿಲ್ಲದ ಗಂಡ

ಗೋಡೆಯ ಮೇಲೆ ಎದುರುಮನೆಯ ಜಯಪ್ಪ ಕಾಣಿಸಿಕೊಂಡ ಬೆಳಿಗ್ಗೆ ದುಗ್ಗಪ್ಪನಿಗೆ ಗಂಜಿ ಗಂಟಲಲ್ಲಿ ಇಳಿಯಲಿಲ್ಲ.

ಸಾಗರದ ಹತ್ತಿರದ ಆ ಹಳ್ಳಿಯಲ್ಲಿ ಮದುವೆಗೆ ಗೋಡೆಚಿತ್ತಾರ ಬರೆಯುವ ಹೆಂಗಸರು ಹಲವರಿದ್ದರು. ದುಗ್ಗಪ್ಪನ ಹೆಂಡತಿ ಕನ್ನಮ್ಮನ ಕೈ ಮಾತ್ರ ಬೇರೆ. ಯಾರೂ ಕಲಿಸದೆ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಅವಳು ಬರೆಯುತ್ತಿದ್ದುದು ಎಲ್ಲೂ ಇಲ್ಲದ ಲೋಕ. ಪಲ್ಲಕ್ಕಿ ಹೊತ್ತ ಮೀನುಗಳು, ಚಂದ್ರನಿಗೆ ಕಟ್ಟಿದ ಜೋಕಾಲಿ, ರೆಕ್ಕೆಯ ಎಮ್ಮೆ. ದುಗ್ಗಪ್ಪ ಉಂಡು ಮಲಗುವಾಗ ಬರಿದಾಗಿದ್ದ ಗೋಡೆ ಬೆಳಗಾಗುವಾಗ ತುಂಬಿರುತ್ತಿತ್ತು. ಅವಳಿಗೆ ಕನಸು ಬೀಳುತ್ತದೆ, ಎದ್ದು ಬರೆಯುತ್ತಾಳೆ ಎಂದು ಊರೇ ನಂಬಿತ್ತು. ಕೇಳಿದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಆ ಕನಸಿನಲ್ಲಿ ಪಕ್ಕದ ಮನೆಯ ಮುದುಕಿ ಕೆರಿಯಮ್ಮ ಬಂದಾಗಿತ್ತು, ಅವಳ ಬೆಕ್ಕೂ ಬಂದಾಗಿತ್ತು. ಈಗ ಜಯಪ್ಪ, ಮೀನಿನ ಬೆನ್ನ ಮೇಲೆ ಕೊಡೆ ಹಿಡಿದು ಮದುಮಗನ ಹಾಗೆ ಕೂತಿದ್ದ. ಗಂಡ ಮಾತ್ರ ಎಲ್ಲೂ ಇಲ್ಲ.

ಜಯಪ್ಪ ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಕೆಲಸಕ್ಕಿದ್ದವನು. ರಜೆಗೆ ಬರುವಾಗ ಚಿತ್ರಕ್ಕಿರಲಿ ಎಂದು ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣ ತಂದುಕೊಡುತ್ತಿದ್ದ.

“ಮೀಸೆ ನನ್ನದಕ್ಕಿಂತ ಚೆನ್ನಾಗಿ ಬಂದೈತೆ ಕಣಣ್ಣ,” ಎಂದ ಅವನು. “ನೀ ಎಲ್ಲಿದೀಯ? ಮೀನಿನ ಹೊಟ್ಟೇಲಾ?”

ದುಗ್ಗಪ್ಪ ಒಳಗೆ ಹೋಗಿ ಹೆಂಡತಿಯನ್ನು ಕೇಳಿದ. “ಏನೇ, ಆ ಬೆಕ್ಕಿಗಿಂತ ಕಡೆಯಾದ್ನಾ ನಾನು?”

“ಗಂಜಿ ಆರ್ತೈತೆ, ಉಣ್ಣಿ,” ಎಂದಳು ಕನ್ನಮ್ಮ.

ಕೆರಿಯಮ್ಮ ಉಪಾಯ ಹೇಳಿದಳು. “ಕಣ್ಣೆದುರಿಗೇ ಇರೋರು ಕನಸಿಗ್ಯಾಕೆ ಬರ್ತಾರೋ ದುಗ್ಗಾ? ದಿನಾ ಹೊಸ್ತಿಲಲ್ಲಿ ಕಂಬದ ಹಾಗೆ ಕೂತಿರ್ತೀಯ. ಒಂದ್ ರಾತ್ರಿ ಬಿಟ್ಟು ಹೋಗ್ನೋಡು. ಗೋಡೆ ತುಂಬ ನೀನೇ.”

ದುಗ್ಗಪ್ಪ ತಾನೇ ಕೆಮ್ಮಣ್ಣು ಕಲಸಿ ಒಳಗಿನ ಗೋಡೆಗೆ ಬಳಿದ. ಆನೆಯ ಮೇಲೆ ಕೂತರೂ ಸಾಲುವಷ್ಟು ಜಾಗ. ಮೊಣಕೈವರೆಗೆ ಕೆಂಪಾದ ಕೈ ತೊಳೆದು, ಮದುವೆಯ ಕೋಟು ತೊಟ್ಟು ಹೆಂಡತಿಯ ಮುಂದೆ ನಿಂತ.

“ತಾಳಗುಪ್ಪಕ್ಕೆ, ತಂಗಿ ಯಮುನಿ ಮನೆಗೆ ಹೋಗ್ಬರ್ತೀನಿ. ಕೋಟು ಸರಿಯಾಗಿ ನೋಡ್ಕೋ. ಗುಂಡಿ ಹಿತ್ತಾಳೇದು.”

ಬಸ್ಸಿನವರೆಗೆ ಚೀಲ ಹೊತ್ತು ಬಂದವನು ಜಯಪ್ಪನೇ. “ನಿಧಾನಕ್ಕೆ ಬಾ ಅಣ್ಣ. ಅತ್ತಿಗೇನ ನಾವೆಲ್ಲ ನೋಡ್ಕೋತೀವಿ.”

ಸೀಟು ಹಿಡಿದು ಕೂತಿದ್ದ ದುಗ್ಗಪ್ಪ ಇದನ್ನು ಕೇಳಿ ಇಳಿಯಲೆಂದು ಎದ್ದ. ಕಂಡಕ್ಟರು ಆಗಲೇ ಸೀಟಿ ಊದಿದ್ದ. ಎದ್ದವನ ಜಾಗದಲ್ಲಿ ಒಬ್ಬಾಕೆ ಕೋಳಿಬುಟ್ಟಿ ಇಟ್ಟಳು. ತಾಳಗುಪ್ಪದವರೆಗೂ ನಿಂತೇ ಹೋದ. ಕೋಳಿ ಹಿತ್ತಾಳೆ ಗುಂಡಿಗಳನ್ನು ಜೋಳವೆಂದು ಕುಕ್ಕುತ್ತಲೇ ಇತ್ತು.

ತಂಗಿ ಯಮುನಮ್ಮ ಕೋಳಿಸಾರು ಮಾಡಿ ಬಡಿಸಿದಳು. ದುಗ್ಗಪ್ಪ ಸೇಡು ತೀರಿಸಿಕೊಳ್ಳುವವನಂತೆ ಉಂಡು, ಮೀನು ಸಾಕೇ ಆನೆ ಬೇಕೇ ಎಂದು ಯೋಚಿಸುತ್ತ ನಿದ್ದೆಹೋದ. ಬೆಳಿಗ್ಗೆ ಅವಳ ಗಂಡ ಶೇಷಪ್ಪ ಕೆಂಡದಂಥ ಕಣ್ಣುಗಳೊಂದಿಗೆ, ತಾನೇ ಚೀಲ ಹಿಡಿದು ಬಸ್ಸು ಹತ್ತಿಸಿದ. “ಹೋಗ್ಬನ್ನಿ ಭಾವ, ಮುಂದಿನ ಬಸ್ಸು ಎಷ್ಟೊತ್ತಿಗೋ ಏನೋ.” ತಾನು ಹೊರಟಿದ್ದಕ್ಕೆ ಇಷ್ಟು ದುಃಖವೇ ಎಂದು ದುಗ್ಗಪ್ಪ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದ.

ಮನೆಗೆ ಬಂದರೆ ಕೆರಿಯಮ್ಮ, ಜಯಪ್ಪ ಇಬ್ಬರೂ ಗೋಡೆಯ ಮುಂದೆ ನಿಂತಿದ್ದರು. ಗೋಡೆ ಅವನು ಬಳಿದ ಹಾಗೇ ಇತ್ತು. ಒಂದು ಚುಕ್ಕೆಯಿಲ್ಲ.

ಕನ್ನಮ್ಮ ಗಂಡನನ್ನು ಅಡಿಗೆಮನೆಗೆ ಕರೆದು ಬಾಗಿಲು ಮುಂದಕ್ಕೆಳೆದಳು. ಅವಳ ಮುಖ ಆಗಷ್ಟೇ ಬಿರಿದ ಹೂವಿನಂತಿತ್ತು.

“ನನ್ನ ನೆನಪು ಬರ್ಲಿಲ್ವೇನೇ?”

“ಬಂತು. ಚಾಪೆ ಹಾಸೋವಾಗ ಬಂತು. ಆಮೇಲೆ ನಿದ್ದೆ ಬಂತು.”

“ಕನಸು?”

“ಎಂತಾ ಕನಸು? ಮದುವೆ ಆದಾಗಿಂದ ನಿಮ್ಮ ಗೊರಕೇಲಿ ನಾ ನಿದ್ದೆ ಮಾಡಿದ್ದೇ ಇಲ್ಲ. ಎದ್ದು ಕೂತು ಏನೋ ಗೀಚ್ತಿದ್ದೆ. ಊರೋರಿಗೆ ಹೇಳಿ ನಿಮ್ಮ ಮಾನ ಯಾಕೆ ಕಳೀಲಿ ಅಂತ ಸುಮ್ನಿದ್ದೆ.”

ದುಗ್ಗಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. “ಅಂದ್ರೆ ಜಯಪ್ಪನ್ನ ಎಚ್ಚರ ಇದ್ದೇ ಬರೆದ್ಯಾ?”

“ಮತ್ತೆ? ನೀಲಿ ತಂದುಕೊಡ್ತಾನೆ, ಪಾಪ.” ಅವಳು ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ಅವನ ಮುಂದಿಟ್ಟಳು. “ಇವತ್ತು ಎಲ್ಲೂ ಹೋಗ್ಬೇಡಿ, ಬೇಗ ಮಲಗಿ. ಅವನೊಂದು ಕುದುರೆ ಕೇಳ್ಯಾನೆ.”